ವಿನಾಶದ ಕನಸುಗಳು: ಒಂದು ಅರ್ಥವಿಚಾರ

ನಿದ್ರೆಯಲ್ಲಿ ಮೂಡುವ ಕನಸುಗಳಲ್ಲಿ ಹಿತಕರವಾದವು ಬೆಳಗಾಗುತ್ತಲೇ ಮರೆತುಹೋಗುತ್ತವೆ. ಮನೆ ಕುಸಿದಂತೆ, ಊರು ಮುಳುಗಿದಂತೆ, ಬೆಂಕಿ ಸುತ್ತುವರಿದಂತೆ ಕಂಡ ಕನಸುಗಳಾದರೋ ಹಗಲೆಲ್ಲ ಮನುಷ್ಯನನ್ನು ಹಿಂಬಾಲಿಸುತ್ತವೆ. ಇಂಥ ಕನಸನ್ನು ಕೇಳಿದವರು ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಕೊಡುತ್ತಾರೆ. ಮುಂಬರುವ ಕೇಡಿನ ಸೂಚನೆಯಿದು ಎಂದು ಅಂಜುವವರು ಕೆಲವರು; ಕನಸೆಂದರೆ ಬರಿಯ ಭ್ರಮೆ ಎಂದು ತಳ್ಳಿಹಾಕುವವರು ಮತ್ತೆ ಕೆಲವರು. ಇವೆರಡೂ ಅಪೂರ್ಣವಾದ ಉತ್ತರಗಳೇ. ವಿನಾಶದ ಕನಸು ಭವಿಷ್ಯದ ವಾರ್ತೆಯಲ್ಲ, ಆದರೂ ಅರ್ಥಹೀನವಲ್ಲ. ಕಂಡವನ ಮನಸ್ಸು ಹೊತ್ತಿರುವ ಭಾರ ಎಷ್ಟೆಂಬುದನ್ನು ಅದು ತಿಳಿಸುತ್ತದೆ.

ಈ ವಿಚಾರವು ಸಂಕೇಶ್ವರದ ಪರಿಸರದವರಿಗೆ ದೂರದ್ದಲ್ಲ. ಸಹ್ಯಾದ್ರಿಯ ಆಂಬೋಲಿಯ ಬಳಿ ಹುಟ್ಟಿ, ಆಜರಾ, ಗಡಹಿಂಗ್ಲಜಗಳ ಮೇಲಿಂದ ಇಳಿದು ಬರುವ ಹಿರಣ್ಯಕೇಶಿಯು ಈ ಭಾಗದ ಜೀವನದಿ. 2019ರ ಆಗಸ್ಟ್ ತಿಂಗಳಲ್ಲಿ ಆ ನದಿಯೇ ಉಕ್ಕಿ ಬಂದು ಪಟ್ಟಣದ ತಗ್ಗಿನ ಪ್ರದೇಶಗಳನ್ನು ಹೊಕ್ಕಿತು. ಅದೇ ದಿನಗಳಲ್ಲಿ ಘಟಪ್ರಭೆ ಮತ್ತು ಮಾರ್ಕಂಡೇಯ ನದಿಗಳ ನೀರು ಗೋಕಾಕ ಪಟ್ಟಣವನ್ನು ಆವರಿಸಿತು. ನೀರು ಇಳಿದ ಮೇಲೆ ಗೋಡೆಗಳನ್ನು ಕಟ್ಟಿದರು, ಕೆಸರನ್ನು ತೆಗೆದರು, ಪರಿಹಾರದ ಲೆಕ್ಕ ಹಾಕಿದರು. ಆದರೆ ರಾತ್ರಿ ಮಳೆಯ ಸದ್ದು ಕೇಳಿ ಬೆಚ್ಚಿ ಏಳುವ ಮಗುವಿನ ಮನಸ್ಸಿನಲ್ಲಿ ಉಳಿದ ನೀರು ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದುದರಿಂದ ಈ ಪ್ರಶ್ನೆಯು ಪಂಡಿತರ ಚರ್ಚೆಗೆ ಮಾತ್ರ ಮೀಸಲಾದುದಲ್ಲ. ಪಾಲಕರಿಗೂ ಶಿಕ್ಷಕರಿಗೂ ಸಂಬಂಧಿಸಿದುದು.

ಪ್ರಾಚೀನರ ದೃಷ್ಟಿ

ಕರ್ನಾಟಕದ ಪರಂಪರೆಯಲ್ಲಿ ವಿನಾಶಸೂಚಕ ಕನಸುಗಳ ಪ್ರಸಿದ್ಧ ಕಥೆಯೆಂದರೆ ಚಂದ್ರಗುಪ್ತನದು. ಜೈನ ಪರಂಪರೆಯ ಪ್ರಕಾರ ಅರಸನು ಹದಿನಾರು ಕನಸುಗಳನ್ನು ಕಂಡು ಭದ್ರಬಾಹು ಮುನಿಯಲ್ಲಿ ಅರ್ಥ ಕೇಳಿದನು. ದೇವಚಂದ್ರನ 'ರಾಜಾವಳಿ ಕಥೆ'ಯಲ್ಲಿ ಈ ವೃತ್ತಾಂತವಿದೆ. ಮುಳುಗುವ ಸೂರ್ಯ, ಮುರಿದ ಕಲ್ಪವೃಕ್ಷದ ಕೊಂಬೆ, ಬತ್ತಿದ ಕೆರೆ ಮುಂತಾದವುಗಳ ಜೊತೆಗೆ ಹನ್ನೆರಡು ಹೆಡೆಯ ಸರ್ಪವೂ ಅವನಿಗೆ ಕಾಣಿಸಿತು. ಆ ಹೆಡೆಗಳು ಹನ್ನೆರಡು ವರುಷದ ಕ್ಷಾಮವನ್ನು ಸೂಚಿಸುತ್ತವೆಂದು ಮುನಿಯು ಅರ್ಥೈಸಿದನು. ಇಲ್ಲಿ ಗಮನಿಸತಕ್ಕುದು ಕನಸಿನ ಚಮತ್ಕಾರವನ್ನಲ್ಲ, ಅನಂತರದ ನಡತೆಯನ್ನು. ಕನಸಿನ ಅರ್ಥ ತಿಳಿದವರು ಅಳುತ್ತ ಕುಳಿತುಕೊಳ್ಳಲಿಲ್ಲ. ಮುನಿಸಂಘವು ದಕ್ಷಿಣಕ್ಕೆ ಹೊರಟಿತು. ಅರಸನು ರಾಜ್ಯವನ್ನು ತೊರೆದು ಗುರುವನ್ನು ಹಿಂಬಾಲಿಸಿದನು. ಶ್ರವಣಬೆಳಗೊಳದ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಈ ಗುರುಶಿಷ್ಯರ ಕಥೆ ಕೆತ್ತನೆಗೊಂಡಿದೆ.

ವೈದ್ಯಶಾಸ್ತ್ರದ ದೃಷ್ಟಿ ಇನ್ನೂ ಸಂಯಮದ್ದು. ಚರಕಸಂಹಿತೆಯು ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ದೃಷ್ಟ, ಶ್ರುತ, ಅನುಭೂತ, ಪ್ರಾರ್ಥಿತ, ಕಲ್ಪಿತ, ಭಾವಿಕ ಮತ್ತು ದೋಷಜ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಊಹಿಸಿದ್ದು ಎಂಬ ಮೊದಲ ಐದು ಬಗೆಗಳಿಗೆ ಫಲವಿಲ್ಲವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಭವಿಷ್ಯಸೂಚಕವಾದ ಭಾವಿಕವನ್ನು ಚರಕನು ಅಲ್ಲಗಳೆಯಲಿಲ್ಲ. ಆದರೆ ಏಳರಲ್ಲಿ ಅದು ಒಂದು ಮಾತ್ರ. ದೋಷಜವಾದರೋ ದೇಹದ ಅಸ್ವಸ್ಥತೆಯಿಂದ ಹುಟ್ಟುವುದು. ಈ ವಿಂಗಡಣೆಯಂತೆ, ನೆರೆಯನ್ನು ಕಂಡವನಿಗೆ ಬೀಳುವ ನೆರೆಯ ಕನಸು ದೃಷ್ಟ ಇಲ್ಲವೆ ಅನುಭೂತವೆನಿಸುತ್ತದೆ. ಅದನ್ನು ಶಕುನವೆನ್ನಲು ಶಾಸ್ತ್ರದ ಆಧಾರವೂ ಇಲ್ಲ.

ಆಧುನಿಕ ಮನೋವಿಜ್ಞಾನ

1900ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸಿಗ್ಮಂಡ್ ಫ್ರಾಯ್ಡನು ಕನಸೆಂದರೆ ಅದುಮಿಟ್ಟ ಬಯಕೆಯ ಪೂರೈಕೆ ಎಂದು ವಾದಿಸಿದನು. ಆದರೆ ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರು ಅದೇ ಭೀಕರ ದೃಶ್ಯವನ್ನು ಮತ್ತೆ ಮತ್ತೆ ಕನಸಿನಲ್ಲಿ ಕಾಣುತ್ತಿದ್ದರು. ಯಾರು ತಾನೆ ಅಂಥದನ್ನು ಬಯಸಿಯಾರು? 1920ರಲ್ಲಿ ಫ್ರಾಯ್ಡನು ಇಂಥ ಕನಸುಗಳು ತನ್ನ ನಿಯಮಕ್ಕೆ ಹೊರತಾದವೆಂದು ಒಪ್ಪಬೇಕಾಯಿತು. ಜೀರ್ಣಿಸಿಕೊಳ್ಳಲಾಗದ ಆಘಾತವನ್ನು ಮನಸ್ಸು ಮರಳಿ ಎದುರಿಸಲು ಯತ್ನಿಸುತ್ತದೆಂಬ ವಿಚಾರವು ಅಲ್ಲಿಂದ ಬೆಳೆಯಿತು.

ಆಘಾತವು ಒಬ್ಬನದೇ ಆಗಿರಬೇಕೆಂದಿಲ್ಲ. ಒಂದು ಸಮಾಜದ ಭಯವೂ ಕನಸಾಗಿ ಬರಬಲ್ಲದು. ಶಾರ್ಲಟ್ ಬೆರಾಟ್ ಎಂಬ ಲೇಖಕಿಯು 1933ರ ಅನಂತರ ಹಿಟ್ಲರನ ಆಳ್ವಿಕೆಯಲ್ಲಿದ್ದ ಜನರ ಕನಸುಗಳನ್ನು ಗುಪ್ತವಾಗಿ ಸಂಗ್ರಹಿಸಿ 1966ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದಳು. ಅದರಲ್ಲಿ ಒಬ್ಬ ವೈದ್ಯನಿಗೆ ತನ್ನ ಮನೆಯ ಗೋಡೆಗಳೆಲ್ಲ ಮಾಯವಾದಂತೆ ಕನಸು ಬೀಳುತ್ತದೆ. ನಿಜವಾಗಿ ಗೋಡೆಗಳು ಬೀಳಲಿಲ್ಲ. ಆದರೆ ಮನೆಯೊಳಗೂ ನಿರ್ಭಯವಾಗಿ ಬದುಕಲಾಗದ ಆ ದಿನಗಳ ಸತ್ಯವನ್ನು ಕನಸು ತಪ್ಪದೆ ಹೇಳಿತ್ತು.

ಕನಸು ನಿಜವಾಗುವುದೆಂಬ ನಂಬಿಕೆ

ಬೆಳಗಿನ ಜಾವದ ಕನಸು ನಿಜವಾಗುತ್ತದೆಂಬ ಮಾತು ಜನರಲ್ಲಿ ರೂಢವಾಗಿದೆ. ಇದಕ್ಕೆ ವಿಜ್ಞಾನದ ವಿವರಣೆಯಿದೆ. ನಿದ್ರೆಯಲ್ಲಿ ಕಣ್ಣಾಲಿಗಳು ವೇಗವಾಗಿ ಚಲಿಸುವ ಒಂದು ಅವಸ್ಥೆಯುಂಟೆಂದೂ ಆಗ ಕನಸುಗಳು ಹೆಚ್ಚೆಂದೂ 1953ರಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್ಮನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಈ ಅವಸ್ಥೆ ಸುಮಾರು 90 ನಿಮಿಷಗಳಿಗೊಮ್ಮೆ ಮರಳುತ್ತದೆ. ರಾತ್ರಿ ಕಳೆದಂತೆ ದೀರ್ಘವಾಗುತ್ತದೆ. ಬೆಳಗಿನ ಕನಸು ವಿಸ್ತಾರವಾಗಿರುತ್ತದೆ, ಎಚ್ಚರವು ಸಮೀಪವಿರುವುದರಿಂದ ನೆನಪಿನಲ್ಲಿಯೂ ಉಳಿಯುತ್ತದೆ. ನೆನಪಿನಲ್ಲುಳಿದ ಹತ್ತಾರು ಕನಸುಗಳಲ್ಲಿ ಒಂದಕ್ಕೆ ಮುಂದಿನ ಘಟನೆಯು ಹೋಲಿದರೆ ಅದನ್ನು ಎತ್ತಿ ಹೇಳುವರು, ಹೋಲದವನ್ನು ಮರೆಯುವರು.

ಈ ನಂಬಿಕೆಯು ಪರೀಕ್ಷೆಗೂ ಒಳಗಾಗಿದೆ. 1966ರ ಅಕ್ಟೋಬರ್ 21ರಂದು ವೇಲ್ಸ್ ದೇಶದ ಆಬರ್‌ವಾನ್ ಗ್ರಾಮದಲ್ಲಿ ಕಲ್ಲಿದ್ದಲ ಗಣಿಯ ತ್ಯಾಜ್ಯದ ಗುಡ್ಡೆ ಕುಸಿದು ಶಾಲೆಯ ಮೇಲೆ ಬಿದ್ದಿತು. ಮಡಿದ 144 ಜನರಲ್ಲಿ 116 ಮಂದಿ ಮಕ್ಕಳು. ಇದು ಮೊದಲೇ ಕನಸಿನಲ್ಲಿ ಕಂಡಿತ್ತೆಂದು ಹಲವರು ಹೇಳಿದರು. ಜಾನ್ ಬಾರ್ಕರ್ ಎಂಬ ಮನೋವೈದ್ಯನು ಅವರ ಹೇಳಿಕೆಗಳನ್ನು ಕೂಡಿಸಿ, 1967ರಲ್ಲಿ ಇಂಥ ಮುನ್ಸೂಚನೆಗಳನ್ನು ಮೊದಲೇ ದಾಖಲಿಸುವ ವ್ಯವಸ್ಥೆ ಮಾಡಿದನು. ಬಂದ ಸೂಚನೆಗಳಲ್ಲಿ ಬಹುಪಾಲು ಸುಳ್ಳಾದವು. ಆ ಗುಡ್ಡೆಯ ಅಪಾಯವನ್ನು ಕುರಿತು ಗ್ರಾಮದವರು ಎಚ್ಚರವಿದ್ದಾಗಲೇ ದೂರಿದ್ದರು. ಆ ದೂರುಗಳಿಗೆ ಕಿವಿಗೊಟ್ಟಿದ್ದರೆ ಕನಸಿನ ಸಾಕ್ಷಿಯೇ ಬೇಕಾಗುತ್ತಿರಲಿಲ್ಲ.

ಶಿಕ್ಷಕರ ಕರ್ತವ್ಯ

ಮಗುವೊಂದು ಶಾಲೆಗೆ ಬಂದು, ನೀರಿನಲ್ಲಿ ಮನೆ ಹೋದಂತೆ ಕನಸು ಬಿದ್ದಿತೆಂದು ಹೇಳಿದಾಗ ಶಿಕ್ಷಕರು ಏನು ಮಾಡತಕ್ಕುದು? ಮೊದಲನೆಯದಾಗಿ ಕೊನೆಯವರೆಗೆ ಕೇಳತಕ್ಕುದು. ನಗುವುದಾಗಲಿ, ಫಲ ಹೇಳುವುದಾಗಲಿ ಸಲ್ಲದು. ಕನಸಿನ ಪುಸ್ತಕದಲ್ಲಿ ನೀರಿಗೆ ಇಂಥದೇ ಅರ್ಥ, ಬೆಂಕಿಗೆ ಇಂಥದೇ ಅರ್ಥ ಎಂದು ಪಟ್ಟಿ ಇರಬಹುದು. ಆದರೆ ನೀರು ಬೆಳೆಯನ್ನು ಕಾಯ್ದ ರೈತನಿಗೂ ಮನೆಯನ್ನು ಕಳೆದುಕೊಂಡ ಬಾಲಕನಿಗೂ ಅದರ ಅರ್ಥ ಒಂದೇ ಆಗಲಾರದು. ಕನಸಿನ ಕೀಲಿಯು ಕಂಡವನ ಬದುಕಿನಲ್ಲಿಯೇ ಇರುತ್ತದೆ.

ಎರಡನೆಯದಾಗಿ, ಕನಸಿನ ಕೊನೆಯನ್ನು ಬದಲಿಸಲು ಮಗುವಿಗೆ ನೆರವಾಗಬಹುದು. ಮರುಕಳಿಸುವ ದುಃಸ್ವಪ್ನಕ್ಕೆ ಇಂದಿನ ಚಿಕಿತ್ಸಕರು ಬಳಸುವ ಒಂದು ವಿಧಾನವಿದು: ಹಗಲಿನಲ್ಲಿ ಆ ಕನಸನ್ನು ನೆನೆದು, ದೋಣಿ ಬಂದು ದಡ ಸೇರಿಸಿತೆಂಬಂತೆ ಬೇರೆ ಮುಕ್ತಾಯವನ್ನು ಕಲ್ಪಿಸಿ, ಮಲಗುವ ಮುನ್ನ ಮನಸ್ಸಿನಲ್ಲಿ ಮನನ ಮಾಡುವುದು. ಚಿಕ್ಕ ಮಕ್ಕಳು ಇದನ್ನು ಚಿತ್ರವಾಗಿ ಬಿಡಿಸಬಹುದು. ಕೆಟ್ಟ ಕನಸಿನ ಹಿಂದೆಯೇ ಸೌಮ್ಯವಾದ ಕನಸು ಕಂಡರೆ ಫಲವು ಶುಭವೆಂದು ಚರಕನು ಹೇಳಿರುವುದು ಇಲ್ಲಿ ನೆನೆಯತಕ್ಕ ಮಾತು.

ಮೂರನೆಯದಾಗಿ, ಭಯವು ತಿಂಗಳಾದರೂ ಇಳಿಯದೆ, ಮಗುವು ಊಟ, ನಿದ್ರೆ, ಪಾಠಗಳಿಂದ ದೂರವಾದರೆ ಮನೋವೈದ್ಯರ ಬಳಿಗೆ ಕಳಿಸಲು ಸಂಕೋಚಪಡಬಾರದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ಟೆಲಿ-ಮನಸ್ ಸಹಾಯವಾಣಿಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಉಚಿತವಾಗಿ ಸಲಹೆ ಪಡೆಯಬಹುದು.

ಶಕುನ, ಮುಹೂರ್ತಗಳ ಅಂಜಿಕೆಯಿಂದ ಜನರನ್ನು ಬಿಡಿಸಿದ ಶರಣರ ನಾಡಿದು. ತಾನು ಕಂಡ ಕನಸನ್ನು ಅಕ್ಕನನ್ನು ಕರೆದು ಹೇಳುವ ರೂಪದಲ್ಲಿ ಅಕ್ಕಮಹಾದೇವಿಯು ವಚನವನ್ನು ರಚಿಸಿದ ನಾಡೂ ಇದೇ. ಕನಸು ಹೇಳಿಕೊಳ್ಳಲು ಒಂದು ಜೀವವನ್ನು ಅರಸುತ್ತದೆ. ಕೇಳುವವರು ದೊರೆತಾಗ ವಿನಾಶದ ಕನಸೂ ಮೆಲ್ಲನೆ ಭಯವನ್ನು ಕಳೆದುಕೊಂಡು ಬರಿಯ ನೆನಪಾಗುತ್ತದೆ. ಆ ಕಿವಿಯಾಗುವ ಸೌಜನ್ಯವು ಪ್ರತಿಯೊಂದು ಮನೆಯಲ್ಲಿಯೂ ಪ್ರತಿಯೊಂದು ತರಗತಿಯಲ್ಲಿಯೂ ನೆಲೆಸಲಿ.