ತಡವಾಗಿ ಬಂದವರಿಗೆ ಪ್ರವೇಶವಿಲ್ಲ

ಮೊನ್ನೆ ರಾತ್ರಿ ನೀನು ‘ಸೈಕೋ’ ನೋಡುತ್ತ ಕೂತಿದ್ದನ್ನು ಕಂಡೆ, ಮಗೂ. ನೋಡುತ್ತ ಅನ್ನುವುದೂ ಹೆಚ್ಚಾಯಿತು. ಬೆರಳಲ್ಲಿ ಸಿನಿಮಾವನ್ನು ತಳ್ಳಿಕೊಂಡು ಸೀದಾ ಬಚ್ಚಲುಮನೆಯ ದೃಶ್ಯಕ್ಕೆ ಹೋಗಿ ನಿಂತೆ. ಅದು ಮುಗಿದದ್ದೇ, “ಇಷ್ಟೇನಾ ಅಜ್ಜಿ? ಹೆದರಿಕೆಯೇ ಆಗಲಿಲ್ಲ” ಅಂದೆ. ಹೇಗೆ ಆಗಬೇಕು? ಒಗ್ಗರಣೆ ಮಾತ್ರ ನೆಕ್ಕಿ, ಸಾರು ಸಪ್ಪೆ ಅಂದ ಹಾಗಾಯಿತು.

ಬೈಯುವುದಕ್ಕೆ ನನಗೂ ಬಾಯಿಲ್ಲ ಬಿಡು. ಫಿಲ್ಮ್ ಸೊಸೈಟಿಯವರು ಇದನ್ನು ತೋರಿಸಿದಾಗ ನಾನು ಗೆಳತಿಯ ಜೊತೆ ಹೋಟೆಲಿನಲ್ಲಿ ದೋಸೆಗೆ ಕಾಯುತ್ತ ಕೂತಿದ್ದೆ. ಶುರುವಿನಲ್ಲಿ ಏನಿರುತ್ತದೆ, ಬರೀ ಹೆಸರುಗಳು ಅಂದುಕೊಂಡು ಅರ್ಧ ಗಂಟೆಗೂ ಮೀರಿ ತಡವಾಗಿ ಒಳಗೆ ಹೋದೆ. ಒಂದು ಕಡೆ ಮೋಟೆಲಿನ ಹುಡುಗ ಮಡಚಿದ ಹಳೇ ಪೇಪರೊಂದನ್ನು ಎತ್ತಿ ಕಾರಿನೊಳಗೆ ಎಸೆದ. ಅಕ್ಕಪಕ್ಕದವರೆಲ್ಲ ‘ಅಯ್ಯೋ’ ಅಂದರು. ಒಂದು ಪೇಪರಿಗೆ ಇವರಿಗೆಲ್ಲ ಯಾಕಿಷ್ಟು ಸಂಕಟ ಅಂತ ನಾನು ಪಿಳಿಪಿಳಿ ಕಣ್ಣು ಬಿಟ್ಟೆ. ಅದರೊಳಗೆ 40,000 ಡಾಲರ್ ಇತ್ತಂತೆ!

1960ರಲ್ಲಿ ಸಿನಿಮಾ ಬಿಡುಗಡೆಯಾದಾಗ ಅದರ ನಿರ್ದೇಶಕ ಹಿಚ್‌ಕಾಕ್ ಇಂಥವರಿಗೆಂದೇ ಒಂದು ಕಟ್ಟಳೆ ಮಾಡಿದ್ದ. ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು. ಮ್ಯಾನೇಜರನ ತಮ್ಮ ಬಂದರೂ ಸರಿ, ಇಂಗ್ಲೆಂಡಿನ ರಾಣಿ ಬಂದರೂ ಸರಿ. ದೋಸೆ ತಿಂದು ಬರುವ ನಾನು ಯಾವ ಲೆಕ್ಕ?

ಆಮೇಲೆ ಇನ್ನೊಂದು ಸಲ ಮೊದಲಿಂದ ನೋಡಿದೆ. ಆಗ ಮೇರಿಯನ್ ಅನ್ನುವ ಹುಡುಗಿಯ ಗುರುತಾಯಿತು. ಫೀನಿಕ್ಸ್ ಊರಿನ ಆಫೀಸಿನಲ್ಲಿ ಕೆಲಸ. ಮೆಚ್ಚಿದವನಿಗೆ ಸಾಲದ ಹೊರೆ, ಮದುವೆ ಮುಂದೆ ಹೋಗುತ್ತಲೇ ಇದೆ. ಒಂದು ಶುಕ್ರವಾರ ಧಣಿ ಬ್ಯಾಂಕಿಗೆ ಕಟ್ಟು ಅಂತ ಕೊಟ್ಟ ಹಣ ಎತ್ತಿಕೊಂಡು ಕಾರು ಹತ್ತಿದಳು. ಕದ್ದಳು ನಿಜ, ಆದರೆ ಕಳ್ಳತನದ ವಿದ್ಯೆ ಅವಳಿಗೆ ಬಾರದು. ಕಾರಿನಲ್ಲೇ ಮಲಗಿದ್ದವಳನ್ನು ಕಪ್ಪು ಕನ್ನಡಕದ ಪೊಲೀಸಿನವನು ಕಿಟಕಿ ತಟ್ಟಿ ಎಬ್ಬಿಸುತ್ತಾನೆ. ಗದರುವುದಿಲ್ಲ, ಲೈಸೆನ್ಸ್ ನೋಡಿ ಬಿಡುತ್ತಾನೆ, ಅಷ್ಟೇ. ಇವಳ ಮುಖ ನೋಡಬೇಕು! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಗಾಬರಿಯಲ್ಲಿ ತನ್ನ ಕಾರು ಕೊಟ್ಟು, ಮೇಲೆ 700 ಡಾಲರ್ ಸುರಿದು ಬೇರೆ ಕಾರು ಕೊಳ್ಳುತ್ತಾಳೆ, ಅದೂ ಅದೇ ಪೊಲೀಸಿನವನ ಕಣ್ಣೆದುರಿಗೆ. ಮಾರುವವನಿಗಿಂತ ಕೊಳ್ಳುವವಳಿಗೇ ಅವಸರ ಅಂತ ಅಂಗಡಿಯವನೇ ಬೆರಗಾಗುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಿನಗೆ ದಿನಕ್ಕೆ ಎಷ್ಟು ಸಲ ಹೇಳುತ್ತೇನೆ?

ಆ ರಾತ್ರಿ ಮೋಟೆಲಿನ ಕೋಣೆಯಲ್ಲಿ ಅವಳು ಚೀಟಿಯ ಮೇಲೆ ಒಂದು ಲೆಕ್ಕ ಹಾಕುತ್ತಾಳೆ. 40,000ದಲ್ಲಿ 700 ಕಳೆದರೆ 39,300. ಹಣ ಹಿಂದಕ್ಕೆ ಕೊಟ್ಟುಬಿಡೋಣ ಅನ್ನಿಸಿದೆ, ಖರ್ಚಾದದ್ದನ್ನು ಹೇಗೆ ತುಂಬಲಿ ಅನ್ನುವ ಚಿಂತೆ. ಆ ಚೀಟಿ ಹರಿದು ಕಕ್ಕಸಿಗೆ ಹಾಕಿ ನೀರು ಬಿಡುತ್ತಾಳೆ. ಮನಸ್ಸು ಹಗುರಾಗಿ ಸ್ನಾನಕ್ಕೆ ನಿಲ್ಲುತ್ತಾಳೆ.

ನೀನು ಬಂದು ಕೂತದ್ದು ಅಲ್ಲಿಗೆ!

ಅವಳ ಕೊಲೆಯ ಆ ಮುಕ್ಕಾಲು ನಿಮಿಷಕ್ಕೆ 7 ದಿನ ಚಿತ್ರೀಕರಣ ನಡೆಯಿತು. ರಕ್ತ ಅನ್ನುವುದು ಚಾಕೊಲೇಟ್ ಪಾಕ, ಕಪ್ಪು-ಬಿಳುಪಿನಲ್ಲಿ ಯಾರಿಗೆ ತಿಳಿಯಬೇಕು? ಚುಚ್ಚುವ ಸದ್ದು ಕರಬೂಜದ್ದು. ಇಷ್ಟೆಲ್ಲ ಗೊತ್ತಿದ್ದೂ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ತಪ್ಪು ತಿದ್ದಿಕೊಳ್ಳಲು ಹೊರಟಿದ್ದ ಹುಡುಗಿ ಅವಳು. ಮುಕ್ಕಾಲು ಗಂಟೆ ಅವಳ ಪಕ್ಕದಲ್ಲೇ ಕೂತು ಕಾರಿನಲ್ಲಿ ಬಂದಿದ್ದೇನೆ ನಾನು. ನೀನು ಕಂಡದ್ದು ಕತ್ತಿ, ನೀರು, ಕಿರುಚಾಟ. ಗುರುತಿಲ್ಲದವರ ಮನೆಯ ಸಾವಿಗೆ ಕಣ್ಣೀರು ಬರುತ್ತದೆಯೇ?

ಜನರ ಜೊತೆಗೂ ನಿನ್ನದು ಇದೇ ಚಾಳಿ. ಪಾಪ, ನಿನ್ನ ದೊಡ್ಡಪ್ಪ ಫೋನ್ ಮಾಡಿ ಏನೋ ಶುರು ಮಾಡಿದರೆ, “ವಿಷಯಕ್ಕೆ ಬನ್ನಿ ದೊಡ್ಡಪ್ಪ” ಅನ್ನುತ್ತೀಯ. ಅವನಿಗೆ ಆ ಸುತ್ತುಬಳಸೇ ವಿಷಯ ಕಣೋ. ಚುರುಕು ಬುದ್ಧಿ ನಿನ್ನದು, ಇಲ್ಲ ಅನ್ನುವುದಿಲ್ಲ. ಕೂರುವ ತಾಳ್ಮೆ ಒಂದು ಬಂದರೆ ನಿನ್ನನ್ನು ಹಿಡಿಯುವವರಿಲ್ಲ.

ಇವತ್ತು ಊಟ ಮುಗಿಸಿ, ದೀಪ ಆರಿಸಿ ಕೂತುಕೋ. ಫೋನು ನನ್ನ ಎಲೆಅಡಿಕೆ ಡಬ್ಬಿಯ ಪಕ್ಕದಲ್ಲಿರಲಿ. 109 ನಿಮಿಷದ ಮಾತು. ಕೊನೆ ಏನು ಅಂತ ನಾನು ಬಾಯಿ ಬಿಡುವುದಿಲ್ಲ. ನಾಳೆ ಕಾಫಿ ಹೊತ್ತಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: ನೀರಿಗೆ ಹಾಕಿದ ಆ ಚೀಟಿಯ ಒಂದು ಚೂರು ಆಮೇಲೆ ಯಾರ ಕೈಗೆ ಸಿಕ್ಕಿತು?