ಜುಮ್ ಅಂದರೆ ಚಪ್ಪಲಿ ಹುಡುಕಬೇಡ

"ಅಜ್ಜಾ, ಲ್ಯಾಪ್‌ಟಾಪ್ ಮುಟ್ಟಿದ್ರೆ ಜುಮ್ ಅಂತೈತೆ" ಎಂದು ಮೊನ್ನೆ ಪಡಸಾಲೆಯಿಂದ ಕೂಗಿದೆಯಲ್ಲ ಪುಟ್ಟಿ, ಅಡುಗೆಮನೆಯಿಂದ ನಿಮ್ಮಮ್ಮ "ಚಪ್ಪಲಿ ಹಾಕ್ಕಂಡು ಕೂತ್ಕ" ಅಂದಳು. ನೀನು ಚಪ್ಪಲಿ ಮೆಟ್ಟಿದೆ, ಜುಮ್ ನಿಂತಿತು, ಮಾತೂ ಅಲ್ಲಿಗೆ ಮುಗಿಯಿತು. ನಲವತ್ತು ವರ್ಷ ಸಾಸ್ವೆಹಳ್ಳಿ ಸುತ್ತಮುತ್ತ ವೈರಿಂಗ್ ಮಾಡಿದವನ ಮನೆಯಲ್ಲಿ ಆ ಮಾತು ಅಷ್ಟಕ್ಕೇ ಮುಗಿಯಬಾರದಿತ್ತು. ಅದಕ್ಕೇ ಬರೆಯಲು ಕೂತಿದ್ದೇನೆ. ನಿನಗೊಬ್ಬಳಿಗೇ ಅಲ್ಲ, 2020ರ ಲಾಕ್‌ಡೌನ್‌ನಿಂದೀಚೆಗೆ ಬೆಂಗಳೂರಿನ ಕೆಲಸವನ್ನು ಚೀಲದಲ್ಲಿ ಹಾಕಿಕೊಂಡು ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಹಳ್ಳಿಮನೆಗೆ ಬಂದು ಕೂರುವ ನಿನ್ನ ಓರಗೆಯವರಿಗೆಲ್ಲ.

ಮೊದಲು ಹೆದರಿಕೆ ಬಿಡು. ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮುಚ್ಚಳದ ಮೇಲೆ ಬೆರಳ ಬೆನ್ನನ್ನು ಹಗುರಾಗಿ ಸವರಿದರೆ ಬೆಕ್ಕು ನಾಲಿಗೆಯಲ್ಲಿ ನೆಕ್ಕಿದ ಹಾಗೆ ತರಿತರಿ ಅನ್ನಿಸುತ್ತದೆ. ಅಂಗೈ ಪೂರ್ತಿ ಊರಿದರೆ ಗೊತ್ತೇ ಆಗುವುದಿಲ್ಲ. ಅಷ್ಟೇ ಕರೆಂಟು ಬೆರಳಿನ ಒಂದು ಚುಕ್ಕೆಯಲ್ಲಿ ಹರಿದರೆ ಚುರುಗುಟ್ಟುತ್ತದೆ, ಅಂಗೈಯಗಲಕ್ಕೆ ಹರಡಿದರೆ ಸುಮ್ಮನಾಗುತ್ತದೆ.

ಈ ಕರೆಂಟು ಎಲ್ಲಿಂದ ಬರುತ್ತದೆ? ಗೋಡೆಯಲ್ಲಿರುವುದು 230 ವೋಲ್ಟ್, ಲ್ಯಾಪ್‌ಟಾಪಿಗೆ ಬೇಕಾದದ್ದು ಇಪ್ಪತ್ತರ ಆಸುಪಾಸು. ಇಳಿಸಿ ಕೊಡುವ ಕೆಲಸ ಚಾರ್ಜರಿನದು. ಆ ಕೆಲಸದಲ್ಲಿ ಏಳುವ ವಿದ್ಯುತ್ ಗದ್ದಲವನ್ನು ಅಡಗಿಸಲು ಗೋಡೆಯ ಕಡೆಗೂ ಲ್ಯಾಪ್‌ಟಾಪಿನ ಕಡೆಗೂ ನಡುವೆ ಒಂದು ಪುಟ್ಟ ಕೆಪಾಸಿಟರ್ ಇಟ್ಟಿರುತ್ತಾರೆ. ಅದರ ಮೂಲಕ ಒಂದಿಷ್ಟು ಕರೆಂಟು ಯಾವಾಗಲೂ ಜಿನುಗುತ್ತದೆ. ನಮ್ಮ ತೋಟಕ್ಕೆ ನೀರು ಬಿಟ್ಟಾಗ ಬಸಿಯುವುದಿಲ್ಲವೇ, ಹಾಗೆ. ಬಸಿಯುವುದನ್ನು ಯಾರೂ ತಪ್ಪು ಅನ್ನುವುದಿಲ್ಲ. ಬಸಿಗಾಲುವೆ ತೋಡದೇ ಬಿಟ್ಟರೆ ಮಾತ್ರ ನೀರು ಅಡಿಕೆ ಬುಡದಲ್ಲಿ ನಿಂತು ಬೇರು ಕೊಳೆಯುತ್ತದೆ. ಪ್ಲಗ್ಗಿನ ಮೂರನೆಯ ಪಿನ್ನು, ಅದರ ಹಿಂದಿನ ಹಸಿರು ವೈರು, ಅಂಗಳದ ಅರ್ಥ್ ಗುಂಡಿ, ಮೂರೂ ಸೇರಿ ಮನೆಯ ಬಸಿಗಾಲುವೆ. ಅದು ಕಟ್ಟಿಕೊಂಡಿದ್ದರೆ ಜಿನುಗಿದ್ದೆಲ್ಲ ಮುಚ್ಚಳದ ಮೇಲೇ ನಿಂತಿರುತ್ತದೆ. ನೀನು ಬರಿಗಾಲಲ್ಲಿ ನೆಲಕ್ಕೆ ತಾಗಿ ಮುಟ್ಟಿದರೆ ನೀನೇ ಕಾಲುವೆ.

ಟೆಸ್ಟರ್ ಇಟ್ಟರೆ ಮುಚ್ಚಳದ ಮೇಲೆ ಕೆಂಪು ಮಿಣುಕುತ್ತದೆ, ಮೀಟರ್ ಇಟ್ಟರೆ ನೂರರ ಹತ್ತಿರ ವೋಲ್ಟ್ ತೋರಿಸಿದರೂ ತೋರಿಸೀತು. ಅದನ್ನು ನೋಡಿ ಗಾಬರಿ ಬೇಡ. ಲೆಕ್ಕಕ್ಕೆ ಬರುವುದು ಮೈಯೊಳಗೆ ಹರಿಯುವ ಕರೆಂಟು. ಅರ್ಧ ಮಿಲಿಆಂಪಿಯರ್ ಆಸುಪಾಸಿನಲ್ಲಿ ಬೆರಳಿಗೆ ಜುಮ್ ಅನ್ನಿಸುತ್ತದೆ. 10 ಮಿಲಿಆಂಪಿಯರ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಒಳ್ಳೆಯ ಚಾರ್ಜರಿನಿಂದ ಜಿನುಗುವುದು 1 ಮಿಲಿಆಂಪಿಯರ್‌ಗೂ ಕಡಿಮೆ. ಎರಡೇ ಪಿನ್ನಿನ ಚಾರ್ಜರ್ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದನ್ನು ಅರ್ಥ್ ಇಲ್ಲದೇ ನಡೆಯುವಂತೆಯೇ ಮಾಡಿದ್ದಾರೆ. ಅದರಲ್ಲಿ ಸಣ್ಣ ಜುಮ್ ಬಂದರೆ ಮನೆಯ ವೈರಿಂಗನ್ನು ದೂರಬೇಡ. ನಿನ್ನದು ಮೂರು ಪಿನ್ನಿನದು. ಅದನ್ನು ನೇರವಾಗಿ ಗೋಡೆಗೆ ಚುಚ್ಚಿದರೂ ಜುಮ್ ಅಂದರೆ, ಬಹುಪಾಲು ಮನೆಯ ಅರ್ಥ್ ಸತ್ತಿದೆ ಎಂದೇ ಲೆಕ್ಕ. ಲ್ಯಾಪ್‌ಟಾಪ್ ಕೊಲ್ಲುವುದಿಲ್ಲ. ಆದರೆ ಅದೇ ಗೋಡೆಯ ಆಚೆ ಗೀಸರ್ ಇದೆ, ವಾಷಿಂಗ್ ಮಷಿನ್ ಇದೆ. ಅವು ಮೊದಲೇ ಜುಮ್ ಅಂದು ಎಚ್ಚರಿಸಿಯೇ ಕೆಡುತ್ತವೆ ಅನ್ನುವ ಭರವಸೆ ಇಲ್ಲ. ಹಲ್ಲಿ ಲೊಚಗುಟ್ಟಿದರೆ ನಿಂತು ಯೋಚಿಸುವ ಜನ ನಾವು, ಇದಕ್ಕೂ ಒಂದು ಗಳಿಗೆ ನಿಲ್ಲಬಾರದೇ?

ನಮ್ಮ ಕಡೆ ಇದು ಯಾಕೆ ಇಷ್ಟು ಕಾಣುತ್ತದೆ ಅಂದರೆ, ಮನೆಗಳು ಬಲ್ಬಿನಿಂದ ಬೆಳೆದವು. ಭಾಗ್ಯಜ್ಯೋತಿ ಯೋಜನೆಯಲ್ಲಿ ಗುಡಿಸಲಿಗೆ ಬಂದದ್ದು ಒಂದು ಬಲ್ಬು. ಅದಕ್ಕೆ ಎರಡು ವೈರು ಸಾಕಿತ್ತು. ಆಮೇಲೆ ಅದೇ ವೈರಿನ ಬಾಲಕ್ಕೆ ಟೀವಿ, ಮಿಕ್ಸಿ, ಫ್ರಿಜ್ಜು ಒಂದೊಂದಾಗಿ ಬಂದವು. ಬೋರ್ಡು ಹೊಸದಾಯಿತು, ಮೂರು ತೂತಿನ ಸಾಕೆಟ್ಟೂ ಬಂತು. ಎಷ್ಟೋ ಮನೆಗಳಲ್ಲಿ ಆ ಮೇಲಿನ ದಪ್ಪ ತೂತಿನ ಹಿಂದೆ ಏನೂ ಇಲ್ಲ.

ಅಂಥ ಖಾಲಿ ತೂತನ್ನು ನಾನೂ ಬಿಟ್ಟಿದ್ದೇನೆ. ಆಗ ಕೆಲಸಕ್ಕೆ ಹೊಸಬ. ಮನೆಯ ಯಜಮಾನರು "ದೀಪ ಉರೀತದಲ್ಲ, ಮೂರನೇ ವೈರಿನ ಖರ್ಚು ಯಾಕೆ?" ಅಂದರು. ನಾನು ಹೂಂ ಅಂದೆ. ಎರಡು ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ಆ ಮನೆಯಾಕೆ ಆಗಷ್ಟೇ ಸಾರಿಸಿದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಇಸ್ತ್ರಿ ಮಾಡುತ್ತಿದ್ದರು. ಪೆಟ್ಟಿಗೆಯೊಳಗಿನ ಕಾಯಿಲ್ ಕೆಟ್ಟು ಲೋಹಕ್ಕೆ ತಾಗಿತ್ತು. ಇನ್ನೊಂದು ಕೈಯಲ್ಲಿ ಬಟ್ಟೆ ಸರಿಸುವಾಗ ಬೆರಳು ತಾಗಿತು, ಕೂಗಲೂ ಆಗಲಿಲ್ಲ. ಶಾಲೆಗೆ ಹೊರಟಿದ್ದ ಮಗ ಕಂಡು, ಅವ್ವನನ್ನು ಮುಟ್ಟದೆ ಓಡಿಹೋಗಿ ಮೇನ್ ಇಳಿಸಿದ; ಜೀವ ಉಳಿಯಿತು. ಅರ್ಥ್ ಇದ್ದಿದ್ದರೆ ಕರೆಂಟು ಹಸಿರು ವೈರಿನಲ್ಲಿ ನುಗ್ಗಿ ಫ್ಯೂಸು ಯಾವತ್ತೋ ಹಾರಿರುತ್ತಿತ್ತು. ನಾನು ನೋಡಲು ಹೋದಾಗ ಆಕೆ ಬೈಯಲಿಲ್ಲ. ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಕಾಫಿ ತಂದುಕೊಟ್ಟರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಮೂರನೇ ವೈರು ಬೇಡ ಅಂದ ಮನೆಯ ಕೆಲಸವನ್ನು ಅಂದಿನಿಂದ ನಾನು ಹಿಡಿದಿಲ್ಲ.

ಆದ್ದರಿಂದ ಕೆಲವು ಮಾತು ಕಿವಿಯಲ್ಲಿ ಇಟ್ಟುಕೋ. ಪ್ಲಗ್ಗಿನ ಮೂರನೇ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಒಳಗೆ ಹೋಗುವಾಗ ಅದೇ ಮೊದಲು ತಾಗಬೇಕು, ಹೊರಗೆ ಬರುವಾಗ ಅದೇ ಕೊನೆಗೆ ಬಿಡಬೇಕು ಅಂತ ಹಾಗೆ ಮಾಡಿದ್ದಾರೆ. ಅದನ್ನು ಮುರಿಯಬೇಡ, ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಅದನ್ನು ಬೇಕಾರ್ ಮಾಡಬೇಡ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ನಕಲಿ ಚಾರ್ಜರ್ ತರಬೇಡ. ಅದರೊಳಗಿನ ಕಳಪೆ ಕೆಪಾಸಿಟರ್ ಸುಟ್ಟು ಒಂದಾದರೆ 230 ವೋಲ್ಟ್ ನೇರ ಮುಚ್ಚಳಕ್ಕೆ ಬರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿಗೂ ಮೂರು ವೈರು ಇದೆಯೇ ಅಂತ ನೋಡು.

ಇನ್ನೊಂದು, ಎಲ್ಲಕ್ಕಿಂತ ಮುಖ್ಯ. "ಅರ್ಥ್ ಇಲ್ವಾ? ಎರಡು ನಿಮಿಷದ ಕೆಲಸ" ಎಂದು ಸಾಕೆಟ್ಟಿನೊಳಗೇ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರು ಸೇರಿಸಿ ಹೋಗುವವರು ಇದ್ದಾರೆ. ಜುಮ್ ನಿಂತುಬಿಡುತ್ತದೆ, ನೀನು ಭೇಷ್ ಅನ್ನುತ್ತೀಯ. ಗಾಳಿಮಳೆಗೆ ಕಂಬದಲ್ಲಿ ನ್ಯೂಟ್ರಲ್ ಕಿತ್ತ ದಿನ ಫ್ರಿಜ್ಜಿನ ಮೈ, ಲ್ಯಾಪ್‌ಟಾಪಿನ ಮೈ ಎಲ್ಲಕ್ಕೂ 230 ವೋಲ್ಟ್ ಏರುತ್ತದೆ. ಅಂಥವನನ್ನು ಬಾಗಿಲಲ್ಲೇ ವಾಪಸ್ ಕಳಿಸು. ನಲ್ಲಿ ಪೈಪಿಗೆ ಅರ್ಥ್ ಕಟ್ಟುವವನನ್ನೂ ಅಷ್ಟೇ. ಈಗಿನ ಪೈಪು ಪ್ಲಾಸ್ಟಿಕ್ಕು, ಅದು ನೆಲ ಮುಟ್ಟಿಸುವುದಿಲ್ಲ. ಲೋಹದ ನಲ್ಲಿ ತಿರುಗಿಸುವವರಿಗೆ ಹೊಡೆಯುತ್ತದೆ. ಸಾಕೆಟ್ ಬಿಚ್ಚಿ ನೀನೇ ನೋಡಲು ಹೋಗಬೇಡ. ಲೈಸೆನ್ಸ್ ಇರುವ ವೈರ್‌ಮ್ಯಾನ್ ಕರೆಸು, ಅರ್ಥ್ ಪರೀಕ್ಷಿಸಿ ತೋರಿಸು ಅಂತ ಎದುರಿಗೆ ನಿಂತು ಕೇಳು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸು. ಮನುಷ್ಯನ ಮೈಮೂಲಕ ಕರೆಂಟು ಸೋರತೊಡಗಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಅದರಲ್ಲಿರುವ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡು.

ಇನ್ನು ನಮ್ಮ ಮನೆಯ ಕಥೆ. ನಿನ್ನೆ ನೀನು ಮೀಟಿಂಗಿನಲ್ಲಿದ್ದಾಗ ಅಂಗಳಕ್ಕೆ ಹೋಗಿ ಹುಡುಕಿದೆ. ಅಡಿಕೆ ಒಣಗಿಸಲು ಸಿಮೆಂಟ್ ಹಾಕಿಸಿದೆವಲ್ಲ, ಅದರಡಿಗೆ ಅರ್ಥ್ ಗುಂಡಿ ಮುಚ್ಚಿಹೋಗಿದೆ. ಒಡೆಸಿ ನೋಡಿದರೆ ಪೈಪಿಗೆ ಬಿಗಿದ ವೈರು ಬೋಲ್ಟಿನ ಹತ್ತಿರ ತುಕ್ಕು ತಿಂದು, ಮುಟ್ಟಿದರೆ ಹಳೇ ಬೆಲ್ಲದ ಹಾಗೆ ಉದುರಿತು. ಊರಿಗೆಲ್ಲ ಬುದ್ಧಿ ಹೇಳಿದವನ ಅಂಗಳದಲ್ಲೇ ಹೀಗೆ. ಎಂಟಡಿ ಜಿಐ ಪೈಪು ತರಿಸಿದ್ದೇನೆ. ಸುತ್ತ ಒಂದು ವರಸೆ ಇದ್ದಿಲು, ಒಂದು ವರಸೆ ಉಪ್ಪು, ಮೇಲೆ ತೆಗೆಯುವ ಹಾಗೊಂದು ಮುಚ್ಚಳ. ನೆಲ ಒಣಗಿದರೆ ಅರ್ಥ್ ಸೊರಗುತ್ತದೆ. ಬೇಸಿಗೆಯಲ್ಲಿ ನಿಮ್ಮಜ್ಜಿ ತುಳಸಿಗೆ ನೀರು ಹಾಕುವಾಗ ಇದಕ್ಕೂ ಒಂದು ಕೊಡ ಹಾಕುತ್ತಾಳೆ, ಒಪ್ಪಿಕೊಂಡಿದ್ದಾಳೆ.

ಮುಂದಿನ ತಿಂಗಳು ಬೆಂಗಳೂರಿನಲ್ಲಿ ಹೊಸ ಬಾಡಿಗೆ ಮನೆ ನೋಡಲು ಹೋಗುತ್ತೀಯ. ನೀರು ಎಷ್ಟು ಹೊತ್ತು ಬಿಡುತ್ತಾರೆ, ಅಡ್ವಾನ್ಸ್ ಎಷ್ಟು ಅಂತ ಕೇಳುತ್ತೀಯಲ್ಲ, ಅರ್ಥ್ ಸರಿ ಇದೆಯಾ ಅಂತಲೂ ಕೇಳು. ಓನರ್ ನಕ್ಕರೆ ನಗಲಿ. ಮೊದಲ ಸಂಜೆ ಚಾರ್ಜಿಗೆ ಹಾಕಿ, ಬರಿಗಾಲಲ್ಲಿ ನಿಂತು, ಬೆರಳ ಬೆನ್ನಿನಿಂದ ಮುಚ್ಚಳ ಸವರಿ ನೋಡು. ನುಣ್ಣಗಿದ್ದರೆ ಒಂದು ಶಕುನ ಚೆನ್ನಾಗಿದೆ ಅನ್ನು. ಪರೀಕ್ಷೆ ಮಾತ್ರ ವೈರ್‌ಮ್ಯಾನ್ ಕೈಯಲ್ಲೇ ಆಗಲಿ. ತರಿತರಿ ಅಂದರೆ, ಚಪ್ಪಲಿ ಹುಡುಕಬೇಡ, ನನಗೆ ಫೋನ್ ಮಾಡು.