ಟಿಪ್ಪರ್ ದಾಟುವ ಲೆಕ್ಕ

ನನಗೆ ಕಾರು ಕಲಿಸಿದ್ದು ಚಿಕ್ಕಪ್ಪ, ನಾಲ್ಕು ಗೇರಿನ ಹಳೆಯ ಮಾರುತಿ 800ರಲ್ಲಿ. ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯೇ ಪಾಠಶಾಲೆ. ಇಂಜಿನ್ ಚೂರು ದನಿ ಎತ್ತಿದರೆ ಸಾಕು, “ಗೇರ್ ಹಾಕೋ, ಪೆಟ್ರೋಲ್ ಕುಡಿಯುತ್ತೆ” ಅನ್ನೋರು. ನಲವತ್ತು ಮುಟ್ಟುವಷ್ಟರಲ್ಲಿ ಟಾಪ್ ಗೇರಿಗೆ ಬಂದಿರಬೇಕು. ಮಗ್ಗದ ಮನೆಯಲ್ಲಿ ಹುಟ್ಟಿದ ನನಗೆ ಈ ಪಾಠ ಬೇಗ ಹಿಡಿಸಿತು. ಪವರ್‌ಲೂಮಿನ ಸದ್ದು ಒಂಚೂರು ಬೇರೆಯಾದರೂ ನಿದ್ದೆಯಲ್ಲಿದ್ದ ಅಪ್ಪ ಎದ್ದು ಬರುತ್ತಿದ್ದರು. ಸದ್ದು ಜೋರಾಯಿತೆಂದರೆ ಏನೋ ಕೆಟ್ಟಿತು ಎಂದೇ ನಮ್ಮನೆಯಲ್ಲಿ ಅರ್ಥ.

ಆ ಪಾಠ ಕೈಕೊಟ್ಟಿದ್ದು 2015ರಲ್ಲಿ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆ ಸೇರುವ ಹೆದ್ದಾರಿ, ಅಂದರೆ ಹಳೆಯ 207, ಈಗಿನ 648, ಆಗಿನ್ನೂ ಎರಡೇ ಲೇನಿನದು. ತುಂಬಾ ಜಲ್ಲಿ ಟಿಪ್ಪರ್‌ಗಳು. ದೇವನಹಳ್ಳಿ ದಾಟಿ ಸೂಲಿಬೆಲೆ ಕಡೆ ಹೋಗುವಾಗ ಅಂಥದ್ದೊಂದರ ಹಿಂದೆ ನಲವತ್ತೈದರಲ್ಲಿ ಸಿಕ್ಕಿಕೊಂಡಿದ್ದೆ. ನನ್ನದು ಸ್ವಿಫ್ಟ್ ಪೆಟ್ರೋಲ್ ಗಾಡಿ, ದಾಟಲೆಂದು ಎರಡನೇ ಗೇರಿಗೆ ಇಳಿಸಿಕೊಂಡಿದ್ದೆ. ದಾರಿ ಖಾಲಿ ಕಂಡಿತು, ಬಲಕ್ಕೆ ಎಳೆದು ಆಕ್ಸಿಲರೇಟರ್ ತುಳಿದೆ. ಆರ್‌ಪಿಎಂ ಮುಳ್ಳು ನಾಲ್ಕು ಸಾವಿರ ಮುಟ್ಟಿತು, ಇಂಜಿನ್ ಕೂಗಿತು, ಕೈ ತಾನಾಗಿ ಮೂರನೇ ಗೇರು ಹಾಕಿತು. ಮುಳ್ಳು ಎರಡೂಮುಕ್ಕಾಲು ಸಾವಿರದ ಆಸುಪಾಸಿಗೆ ಬಿತ್ತು. ಗಾಡಿ ಎಳೆಯಲೇ ಇಲ್ಲ. ಟಿಪ್ಪರಿನ ನಡು ಚಕ್ರದ ಪಕ್ಕದಲ್ಲಿ ನಾನು, ತಿರುವಿನಿಂದ ಲೈಟು ಮಿಟುಕಿಸುತ್ತ ಬಂದ ಬಸ್ಸು. ಬ್ರೇಕ್ ಒತ್ತಿ ಮತ್ತೆ ಟಿಪ್ಪರಿನ ಹಿಂದಕ್ಕೆ ಸರಿದುಕೊಂಡೆ. ಹೊಸಕೋಟೆವರೆಗೂ ಇನ್ನೊಂದು ಗಾಡಿ ದಾಟಲಿಲ್ಲ.

“ಪಿಕಪ್ ಇಲ್ಲ” ಎಂದು ದೂರು ಹೊತ್ತು ಮೆಕ್ಯಾನಿಕ್ ಹತ್ತಿರ ಹೋದೆ. ಆತ ಬಾನೆಟ್ ಎತ್ತಲೇ ಇಲ್ಲ. “ಯಾವ ಗೇರಲ್ಲಿ ದಾಟಿದ್ರಿ ಸಾರ್?” ಎಂದು ಕೇಳಿ, ಬಿಲ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಬರೆದ.

ಈ ಇಂಜಿನ್ನಿನ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 115 ಎನ್‌ಎಂ, 4000 ಆರ್‌ಪಿಎಂನಲ್ಲಿ. ಗರಿಷ್ಠ ಪವರ್ ಸಿಗುವುದು 6000ದಲ್ಲಿ. ಅಷ್ಟೊತ್ತಿಗೆ ಟಾರ್ಕ್ ಸುಮಾರು 98ಕ್ಕೆ ಇಳಿದಿರುತ್ತದೆ. ಇಳಿಯಿತಲ್ಲ, ಗೇರ್ ಹಾಕೋಣ ಅನ್ನಿಸುತ್ತದೆ. ಆದರೆ ಗಾಡಿಯನ್ನು ನೂಕುವುದು ಇಂಜಿನ್ನಿನ ಟಾರ್ಕ್ ಒಂದೇ ಅಲ್ಲ, ಅದನ್ನು ಗೇರಿನ ಅನುಪಾತದಿಂದ ಗುಣಿಸಿದ್ದು. ಎರಡನೇ ಗೇರಿನದು ಸುಮಾರು 1.9, ಮೂರನೆಯದು 1.28. ಎರಡರಲ್ಲಿ 6000ಕ್ಕೆ ಎಳೆದರೆ 98 ಗುಣಿಸು 1.9, ಅಂದರೆ 186. ಅಲ್ಲಿ ಮೂರಕ್ಕೆ ಹಾಕಿದರೆ ಮುಳ್ಳು 4000ಕ್ಕೆ ಬಂದು 115 ಗುಣಿಸು 1.28, ಬರೀ 147. ದಣಿದ ಎರಡನೇ ಗೇರು ಹುರುಪಿನ ಮೂರನೆಯದಕ್ಕಿಂತ ಜೋರಾಗಿ ನೂಕುತ್ತದೆ! ಮುಂದಿನ ಗೇರಿನ ಗುಣಾಕಾರ ಈಗಿನದಕ್ಕೆ ಸಮವಾಗುವವರೆಗೆ, ಅಥವಾ ಕೆಂಪು ಗೆರೆ ಬರುವವರೆಗೆ, ಕಾಯಬೇಕು. ನಾನು 4000ದಲ್ಲೇ ಗೇರು ಹಾಕಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಬಲವನ್ನು ಟಿಪ್ಪರ್ ಪಕ್ಕದಲ್ಲಿ ಕೈಚೆಲ್ಲಿದ್ದೆ.

ಅರ್ಧ ಕಲಿತವನ ಉತ್ಸಾಹ ಕೇಳಬೇಕೆ. ಕೆಲವು ವರ್ಷದ ಮೇಲೆ ಅದೇ ಕಾರಿನ 1.3 ಲೀಟರ್ ಡೀಸೆಲ್ ತಗೊಂಡು, ಅದನ್ನೂ ಐದು ಸಾವಿರದವರೆಗೆ ಎಳೆಯತೊಡಗಿದೆ. ಸದ್ದು ಬಂತೇ ಹೊರತು ಓಟ ಬರಲಿಲ್ಲ. ಅದರ ಗರಿಷ್ಠ ಪವರ್ 4000ಕ್ಕೇ ಮುಗಿಯುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ. 190 ಎನ್‌ಎಂ ಟಾರ್ಕ್ ಇರುವುದು 2000ದಲ್ಲಿ. ಅದಕ್ಕೂ ಕೆಳಗೆ ಟರ್ಬೊ ಇನ್ನೂ ಎದ್ದಿರುವುದಿಲ್ಲ. 4000 ದಾಟುತ್ತಲೇ ಗೇರು ಹಾಕಿದರೆ ಮುಳ್ಳು 2000ಕ್ಕಿಂತ ಸಾಕಷ್ಟು ಮೇಲೆಯೇ ಕೂರುತ್ತದೆ, ಎಳೆತ ಕಡಿಯುವುದಿಲ್ಲ. ಎರಡು ಗಾಡಿಗೆ ಎರಡು ಕಿವಿ ಬೇಕಾಯಿತು.

ದಿನನಿತ್ಯ ಹಾಲು ತರಕಾರಿಗೆ ಹೋಗುವಾಗ ಚಿಕ್ಕಪ್ಪನ ಮಾತೇ ಸರಿ, ಎರಡು ಸಾವಿರಕ್ಕೇ ಗೇರು ಹಾಕುತ್ತೇನೆ. ಆ ಹೆದ್ದಾರಿ ಈಗ ಅಗಲವಾಗಿದೆ, ಎದುರು ಬರುವವರ ಲೇನಿಗೆ ನುಗ್ಗುವ ಪ್ರಮೇಯವಿಲ್ಲ. ಆದರೂ ಸರ್ವಿಸ್ ರಸ್ತೆಯಿಂದ ಲಾರಿಗಳ ನಡುವೆ ಸೇರಿಕೊಳ್ಳುವಾಗ ಎರಡನೇ ಗೇರನ್ನು ಹಿಡಿದಿಟ್ಟುಕೊಳ್ಳುತ್ತೇನೆ. ಚಿಕ್ಕಪ್ಪ ಪಕ್ಕದಲ್ಲಿದ್ದರೆ ಬಾಗಿಲ ಮೇಲಿನ ಹಿಡಿ ಹಿಡಿದು, “ಗೇರ್ ಹಾಕೋ” ಅನ್ನುತ್ತಾರೆ. “ತಡಿ ಚಿಕ್ಕಪ್ಪ, ನಾಲ್ಕಾಗಲಿ” ಅನ್ನುತ್ತೇನೆ.